ನೆವಾಡಾದ ಪಿರಮಿಡ್ ಲೇಕ್: ನೀರಿನ ಪಕ್ಕದಲ್ಲೇ ಟೆಂಟ್ ಹಾಕಿ ಎರಡು ರಾತ್ರಿ

ಪರ್ಮಿಟ್‌ಗೆ ದುಡ್ಡು ಕಟ್ಟಿದರೆ ಅಲ್ಲಿ ಏನು ಸಿಗುತ್ತದೆ ಅಂತ ಕನ್ನಡ ಕೂಟದ ಗೆಳತಿಯೊಬ್ಬಳು ಕೇಳಿದಳು. ದಡ ಸಿಗುತ್ತದೆ ಅಂದೆ. ಅಷ್ಟೇನಾ ಅಂದಳು. ಹೌದು, ಅಷ್ಟೇ. ನಂಬರ್ ಹಾಕಿದ ಸೈಟ್ ಇಲ್ಲ, ನಲ್ಲಿ ಇಲ್ಲ, ಕರೆಂಟ್ ಇಲ್ಲ, ಮರವಂತೂ ಇಲ್ಲವೇ ಇಲ್ಲ. ಮರಳಿನ ಮೇಲೆ ಗಾಡಿ ನಿಲ್ಲಿಸಿ, ನೀರಿನಿಂದ ಇಪ್ಪತ್ತು ಮೂವತ್ತು ಹೆಜ್ಜೆ ದೂರದಲ್ಲಿ ಟೆಂಟ್ ಹಾಕಿ ಮಲಗುವುದು. ನನ್ನ ಪ್ರಕಾರ ಇದು ಐದಕ್ಕೆ ನಾಲ್ಕೂವರೆ ಕೊಡಬಹುದಾದ ಜಾಗ. ಆ ಅರ್ಧ ಯಾಕೆ ಕಮ್ಮಿ ಅಂತ ಮುಂದೆ ಹೇಳುತ್ತೇನೆ.

ನಾವು ಇರುವುದು ಕ್ಯಾಲಿಫೋರ್ನಿಯಾದ ಬೇ ಏರಿಯಾದ ಫ್ರೀಮಾಂಟ್‌ನಲ್ಲಿ. ನಮ್ಮೂರಿಗೆ ಹೆಸರು ಬಂದದ್ದು ಜಾನ್ ಸಿ. ಫ್ರೀಮಾಂಟ್ ಅನ್ನುವ ಸೇನಾಧಿಕಾರಿಯಿಂದ. ಅದೇ ಮನುಷ್ಯ 1844ರ ಜನವರಿಯಲ್ಲಿ ಈ ಕೆರೆಯ ದಡಕ್ಕೆ ಬಂದು, ನೀರಿನಲ್ಲಿ ನಿಂತಿದ್ದ ಗೋಪುರದಂಥ ಬಂಡೆ ನೋಡಿ ಪಿರಮಿಡ್ ಲೇಕ್ ಅಂತ ಹೆಸರಿಟ್ಟ. ಆಗ ಇಲ್ಲಿನ ಮೂಲನಿವಾಸಿಗಳಾದ ಪಾಯೂಟ್ ಜನ ಅವನ ತಂಡಕ್ಕೆ ದೊಡ್ಡ ದೊಡ್ಡ ಟ್ರೌಟ್ ಮೀನು ತಂದುಕೊಟ್ಟರು. ಮೀನಿನ ಕಥೆ ಆಮೇಲೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಏಪ್ರಿಲ್ ಕೊನೆಯಲ್ಲಿ ನಾಲ್ಕು ಜನ ಹೊರಟೆವು. ನಾನು, ನನ್ನ ಗಂಡ, ಹತ್ತು ವರ್ಷದ ಮಗಳು, ಮತ್ತೆ ಮಂಡ್ಯದಿಂದ ಬಂದಿದ್ದ ನಮ್ಮಪ್ಪ. ಐ-80 ಹಿಡಿದು ಡಾನರ್ ಪಾಸ್ ದಾಟಿ ರೀನೋಗೆ ನಾಲ್ಕು ಗಂಟೆ ಮೇಲಾಗುತ್ತದೆ. ಆ ತಿಂಗಳಲ್ಲೂ ಘಟ್ಟದ ಮೇಲೆ ಹಿಮ ಬೀಳಬಹುದು, ರಸ್ತೆ ನೋಡಿಕೊಂಡು ಹೊರಡಿ. ರೀನೋ ಪಕ್ಕದ ಸ್ಪಾರ್ಕ್ಸ್‌ನಿಂದ 445 ನಂಬರಿನ ರಸ್ತೆ ಉತ್ತರಕ್ಕೆ ಹೋಗುತ್ತದೆ. ನಡುವೆ ಪಾಲೊಮಿನೋ ವ್ಯಾಲಿಯಲ್ಲಿ ಸರ್ಕಾರದವರು ಹಿಡಿದು ತಂದ ಕಾಡು ಕುದುರೆಗಳನ್ನು ಇಟ್ಟಿರುವ ದೊಡ್ಡ ಕೇಂದ್ರ ಇದೆ, ಮಕ್ಕಳಿದ್ದರೆ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ. ಆಮೇಲೆ ಒಂದು ಏರು ಹತ್ತಿ ಇಳಿಯುವಾಗ, ಬೂದು ಕಂದು ಬೆಟ್ಟಗಳ ನಡುವೆ ಇದ್ದಕ್ಕಿದ್ದಂತೆ ನೀಲಿ ಕಾಣಿಸುತ್ತದೆ. ನಲವತ್ತು ಕಿಲೋಮೀಟರಿಗೂ ಜಾಸ್ತಿ ಉದ್ದದ ನೀಲಿ. ಸುತ್ತ ಒಂದು ಹಸಿರು ಗೆರೆಯೂ ಇಲ್ಲ. ಅಪ್ಪ ಕಾರಿನ ಕಿಟಕಿ ಇಳಿಸಿ, "ಇಷ್ಟು ನೀರಿಟ್ಕಂಡು ಒಂದು ಪೈರೂ ಇಲ್ವಲ್ಲ ಮಗ" ಅಂದರು.

ಪರ್ಮಿಟ್ ಬಗ್ಗೆ ಸರಿಯಾಗಿ ಹೇಳಬೇಕು. ತುಂಬಾ ಜನ ಇಲ್ಲೇ ತಪ್ಪು ಮಾಡುತ್ತಾರೆ. ಈ ಕೆರೆ ನ್ಯಾಷನಲ್ ಪಾರ್ಕ್ ಅಲ್ಲ, ಸ್ಟೇಟ್ ಪಾರ್ಕೂ ಅಲ್ಲ. ಕೆರೆ ಪೂರ್ತಿ, ಸುತ್ತಲಿನ ನೆಲ ಎಲ್ಲವೂ ಪಿರಮಿಡ್ ಲೇಕ್ ಪಾಯೂಟ್ ಬುಡಕಟ್ಟಿನವರ ರಿಸರ್ವೇಶನ್ ಒಳಗಿದೆ, ಅಂದರೆ ಅವರದೇ ಆಡಳಿತ ಇರುವ ಮೀಸಲು ಪ್ರದೇಶ. ನಿಮ್ಮ ನ್ಯಾಷನಲ್ ಪಾರ್ಕ್ ವಾರ್ಷಿಕ ಪಾಸ್ ಇಲ್ಲಿ ನಡೆಯುವುದಿಲ್ಲ. ನೆವಾಡಾದ ಮೀನುಗಾರಿಕೆ ಲೈಸೆನ್ಸೂ ನಡೆಯುವುದಿಲ್ಲ. ಹಗಲು ಸುಮ್ನೆ ಬಂದು ಹೋಗುವುದಕ್ಕೆ ಒಂದು ಪರ್ಮಿಟ್, ರಾತ್ರಿ ಉಳಿಯುವುದಕ್ಕೆ ಒಂದು, ಮೀನು ಹಿಡಿಯುವುದಕ್ಕೆ ಬೇರೆ, ದೋಣಿಗೆ ಬೇರೆ. ಎಲ್ಲವನ್ನೂ ಬುಡಕಟ್ಟಿನವರೇ ಕೊಡುತ್ತಾರೆ, ಮನೆಯಿಂದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಬಹುದು. ದರ ಆಗಾಗ ಬದಲಾಗುತ್ತದೆ, ಹೊರಡುವ ಮುಂಚೆ ನೋಡಿಕೊಳ್ಳಿ. ನಮ್ಮ ಪರ್ಮಿಟ್ಟನ್ನು ಬುಡಕಟ್ಟಿನ ರೇಂಜರ್ ಬಂದು ನೋಡಿದರು, ತುಂಬಾ ಮರ್ಯಾದೆಯಿಂದ ಮಾತಾಡಿದರು. ಎಲ್ಲಿ ಮರಳು ಮೆತ್ತಗಿದೆ ಅಂತಲೂ ಕೈ ತೋರಿಸಿ ಹೇಳಿ ಹೋದರು.

"ಏನೂ ಸೌಕರ್ಯ ಇಲ್ಲದ ಜಾಗಕ್ಕೆ ಯಾಕೆ ದುಡ್ಡು" ಅಂತ ಗೊಣಗುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ನಾವು ಕೊಡುವುದು ಸೌಕರ್ಯಕ್ಕಲ್ಲ, ಒಪ್ಪಿಗೆಗೆ. ಬೇರೆಯವರ ಹಿತ್ತಲಿನಲ್ಲಿ ಎರಡು ರಾತ್ರಿ ಮಲಗುತ್ತೇವೆ, ಅವರು ಸರಿ ಅನ್ನುತ್ತಾರೆ. ಆ ದುಡ್ಡು ಕೆರೆಯ ಯಜಮಾನರಿಗೇ ಹೋಗುತ್ತದೆ ಅನ್ನುವುದು ನನಗೆ ಈ ಜಾಗದ ಮೊದಲನೇ ಪ್ಲಸ್ ಪಾಯಿಂಟ್.

ಸಟ್‌ಕ್ಲಿಫ್ ಅಂತ ಪಶ್ಚಿಮ ದಡದಲ್ಲಿ ಒಂದು ಪುಟ್ಟ ಊರು. ಮರೀನಾ, ರೇಂಜರ್ ಸ್ಟೇಷನ್ ಎಲ್ಲ ಅಲ್ಲೇ. ಅಲ್ಲಿಂದ ಉತ್ತರಕ್ಕೆ ಪೆಲಿಕನ್ ಪಾಯಿಂಟ್, ವಾರಿಯರ್ ಪಾಯಿಂಟ್ ಅಂತ ಒಂದರ ಹಿಂದೆ ಒಂದು ದಡ ಸಿಗುತ್ತವೆ. ಸೈಟ್ ಬುಕ್ ಮಾಡುವುದು ಅಂತೇನೂ ಇಲ್ಲ, ಮೊದಲು ಬಂದವರಿಗೆ ಬೇಕಾದ ಜಾಗ. ನಾವು ಇನ್ನೂ ಸ್ವಲ್ಪ ಮುಂದೆ ಹೋಗಿ, ಜನ ಕಮ್ಮಿ ಇದ್ದ ಕಡೆ ನಿಂತೆವು. ಕೆಲವು ದಡಗಳಲ್ಲಿ ಶೌಚಾಲಯ ಇದೆ. ನಾವಿದ್ದ ಕಡೆ ಇರಲಿಲ್ಲ, ಅದಕ್ಕೆ ಬೇಕಾದ್ದನ್ನು ನಾವೇ ಒಯ್ದಿದ್ದೆವು, ವಾಪಸ್ಸೂ ನಾವೇ ತಂದೆವು. ವಯಸ್ಸಾದವರು, ಚಿಕ್ಕ ಮಕ್ಕಳು ಇದ್ದರೆ ಶೌಚಾಲಯ ಇರುವ ದಡದಲ್ಲೇ ಉಳಿಯಿರಿ. ಅಪ್ಪ ಏನೂ ಅನ್ನಲಿಲ್ಲ, ಆದರೆ ಅವರಿಗೆ ಕಷ್ಟವಾಯಿತು ಅಂತ ನನಗೆ ಗೊತ್ತು.

ಈಗ ಗಾಳಿ. ಇದನ್ನು ಉದ್ದಕ್ಕೆ ಬರೆಯುತ್ತೇನೆ, ಯಾಕೆಂದರೆ ಮುಂಚೆ ನಮಗೆ ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ. ಬೆಳಿಗ್ಗೆ ಕೆರೆ ಹಾಲಿನ ಹಾಗೆ ನಿಂತಿರುತ್ತದೆ. ಬೆಟ್ಟದ ನೆರಳು ನೀರಿನಲ್ಲಿ ಅಲುಗಾಡುವುದಿಲ್ಲ. ಮಧ್ಯಾಹ್ನ ಮರುಭೂಮಿಯ ನೆಲ ಕಾದ ಮೇಲೆ ಪಶ್ಚಿಮದ ಸಿಯೆರಾ ಬೆಟ್ಟಗಳ ಕಡೆಯಿಂದ ಗಾಳಿ ಇಳಿಯಲು ಶುರು. ಇಲ್ಲಿಯವರು ಇದಕ್ಕೆ ವಾಶೋ ಜೆಫರ್ ಅಂತ ಹೆಸರೇ ಇಟ್ಟಿದ್ದಾರೆ. ನಾವು ಟೆಂಟ್ ಹಾಕಿ ಗೊಜ್ಜವಲಕ್ಕಿ ತಿನ್ನುತ್ತಾ ಕೂತಿದ್ದೆವು, ಮೂರು ಗಂಟೆ ಇರಬೇಕು, ಇಪ್ಪತ್ತು ನಿಮಿಷದಲ್ಲಿ ಆ ಹಾಲಿನಂಥ ಕೆರೆ ಬಿಳಿ ಬಿಳಿ ಅಲೆ ಎಬ್ಬಿಸಿ ದಡಕ್ಕೆ ಬಡಿಯತೊಡಗಿತು. ಪೇಪರ್ ತಟ್ಟೆಗಳು ಹಾರಿದವು, ಮಗಳು ಅಟ್ಟಿಸಿಕೊಂಡು ಹೋಗಿ ಹಿಡಿದಳು. ಸಂಜೆ ಸ್ವಲ್ಪ ತಗ್ಗಿತು. ಸದ್ಯ ಮುಗಿಯಿತು ಅಂದುಕೊಂಡು ಮಲಗಿದೆವು. ರಾತ್ರಿ ಒಂದು ಗಂಟೆಗೆ ಮತ್ತೆ ಎದ್ದಿತು ನೋಡಿ, ಮರಳಿಗೆ ಹೊಡೆದಿದ್ದ ಗೂಟಗಳು ಬೆಣ್ಣೆಯಿಂದ ಕಡ್ಡಿ ಎಳೆದ ಹಾಗೆ ಒಂದೊಂದಾಗಿ ಬಂದವು, ಒಂದು ಕಡೆಯ ಕಂಬ ಪಟ್ಟಂತ ಮುರಿಯಿತು, ಟೆಂಟು ನಮ್ಮ ಮುಖದ ಮೇಲೆ ಕುಸಿಯಿತು, ಕತ್ತಲಲ್ಲಿ ಬಾಯಿ ತುಂಬಾ ಮರಳು. ಅಪ್ಪನನ್ನೂ ಮಗಳನ್ನೂ ಮೊದಲು ಕಾರಿಗೆ ಹತ್ತಿಸಿದೆವು. ಉಳಿದ ರಾತ್ರಿ ನಾಲ್ಕೂ ಜನ ಕಾರಿನಲ್ಲೇ.

ಆ ಟೆಂಟ್ ಬಾಡಿಗೆಗೆ ತಂದದ್ದು. ಎಂಥಾ ಜಾಗಕ್ಕೆ ಹೋಗುತ್ತೇವೆ ಅಂತ ಅಂಗಡಿಯಲ್ಲಿ ಬಿಡಿಸಿ ಹೇಳಿದ್ದೆ. ಬೀಚ್‌ಗೆ ಇದು ಸಾಕು ಅಂದರು. ಎತ್ತರದ ಕ್ಯಾಬಿನ್ ಥರದ ಟೆಂಟು, ಆರಿಂಚಿನ ಸಣ್ಣ ಗೂಟಗಳು. ವಾಪಸ್ ಕೊಟ್ಟಾಗ ಕಂಬಕ್ಕೆ ದುಡ್ಡೂ ಹಿಡಿದುಕೊಂಡರು. ಅದು ಕೆರೆಯ ತಪ್ಪಲ್ಲ, ಹಾಗಾಗಿ ಅದಕ್ಕೆ ಇಲ್ಲಿ ಅಂಕ ಕಳೆಯುತ್ತಿಲ್ಲ. ಆದರೆ ನೀವು ಎತ್ತರದ ಟೆಂಟ್ ತರಬೇಡಿ. ಗಿಡ್ಡಗೆ, ಗುಮ್ಮಟದ ಹಾಗೆ ಇರುವುದು ತನ್ನಿ.

ಬೆಳಿಗ್ಗೆ ಪಕ್ಕದ ದಡದಲ್ಲಿ ಮೀನು ಹಿಡಿಯುತ್ತಿದ್ದ ಹಿರಿಯರೊಬ್ಬರು ನಮ್ಮ ಅವಸ್ಥೆ ನೋಡಿ ಬಂದು ಒಂದು ಉಪಾಯ ಹೇಳಿಕೊಟ್ಟರು. ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ. ಚೀಲಕ್ಕೆ ಮರಳು ತುಂಬಿ, ಅದರ ಬಾಯಿಗೆ ಟೆಂಟಿನ ಹಗ್ಗ ಕಟ್ಟಿ, ಒಂದೂವರೆ ಅಡಿ ಗುಂಡಿ ತೋಡಿ ಹೂಳಬೇಕು. ನಮ್ಮ ಹತ್ತಿರ ಚೀಲ ಎಲ್ಲಿಂದ ಬರಬೇಕು ಅಂತ ನಾನು ನೋಡುತ್ತಿದ್ದರೆ, ಅಪ್ಪ ಕಾರಿನ ಡಿಕ್ಕಿಯಿಂದ ಸೋನಾ ಮಸೂರಿ ಅಕ್ಕಿಯ ಖಾಲಿ ಚೀಲಗಳನ್ನು ತೆಗೆದರು. ಪಾತ್ರೆ ಸುತ್ತಿಕೊಂಡು ಬಂದಿದ್ದೆವಲ್ಲ, ಅವೇ. ನಾಲ್ಕು ಚೀಲ, ನಾಲ್ಕು ಮೂಲೆ. ಮುರಿದ ಕಂಬಕ್ಕೆ ಟೇಪ್ ಸುತ್ತಿ ಆಸರೆ ಕೊಟ್ಟೆವು. ಕಾರನ್ನು ಟೆಂಟಿನ ಪಶ್ಚಿಮಕ್ಕೆ ಅಡ್ಡ ನಿಲ್ಲಿಸಿದೆವು. ಎರಡನೇ ರಾತ್ರಿ ಗಾಳಿ ಸುಮಾರು ಅಷ್ಟೇ ಜೋರಾಗಿತ್ತು, ಟೆಂಟು ಅಲುಗಾಡಿತು, ಬೀಳಲಿಲ್ಲ. ಈಗ ನಮ್ಮ ಕ್ಯಾಂಪಿಂಗ್ ಸಾಮಾನಿನಲ್ಲಿ ಆರು ಅಕ್ಕಿ ಚೀಲ ಕಾಯಂ ಇವೆ.

ಕಾರಿನ ವಿಷಯ ಹೇಳಬೇಕು. ನೀರಿನ ಹತ್ತಿರ ಹೋದಷ್ಟೂ ಮರಳು ಮೆತ್ತಗಾಗುತ್ತದೆ. ಮೇಲೆ ಒಣಗಿ ಗಟ್ಟಿ ಕಾಣುತ್ತದೆ, ಕೆಳಗೆ ಒದ್ದೆ. ಶನಿವಾರ ನಮ್ಮ ಕಣ್ಣ ಮುಂದೆಯೇ ಒಂದು ಗಾಡಿ ಆಕ್ಸಲ್‌ವರೆಗೂ ಹೂತುಹೋಯಿತು. ನಾಲ್ಕು ಚಕ್ರಕ್ಕೂ ಡ್ರೈವ್ ಇದೆ ಅಂತ ಧೈರ್ಯ ಮಾಡಿ ಇಳಿದಿದ್ದರು. ಇಂಥ ಕಡೆ ಸಿಕ್ಕಿಬಿದ್ದರೆ ಮಾಮೂಲಿ ರೋಡ್‌ಸೈಡ್ ಸೇವೆ ಬರುತ್ತದೆ ಅಂತ ನಂಬಿಕೊಳ್ಳಬೇಡಿ, ಟಾರು ರಸ್ತೆ ಬಿಟ್ಟ ಗಾಡಿಗೆ ಅವರು ಸಾಮಾನ್ಯವಾಗಿ ಒಲ್ಲೆ ಅನ್ನುತ್ತಾರೆ. ಸಲಿಕೆ, ಎರಡು ಹಲಗೆ, ಟೈರಿಗೆ ಗಾಳಿ ತುಂಬುವ ಸಣ್ಣ ಪಂಪು ಇಟ್ಟುಕೊಳ್ಳಿ. ಟೈರಿನ ಗಾಳಿ ಇಳಿಸಿದರೆ ಮರಳಿನ ಮೇಲೆ ಹಿಡಿತ ಜಾಸ್ತಿ ಸಿಗುತ್ತದೆ. ಬೇರೆ ಗಾಡಿಗಳ ಗುರುತು ಗಟ್ಟಿಯಾಗಿ ಬಿದ್ದಿರುವ ಕಡೆಯೇ ನಿಲ್ಲಿಸಿ, ಅಲ್ಲಿಂದ ನಡೆದುಕೊಂಡು ಸಾಮಾನು ಸಾಗಿಸಿ.

ನೀರು ನೋಡಲು ಎಷ್ಟು ಚೆಂದವೋ ಅಷ್ಟೇ ಎಚ್ಚರ ಬೇಕು. ಅಪ್ಪ ಬೊಗಸೆಯಲ್ಲಿ ತೆಗೆದು ನಾಲಿಗೆಗೆ ಮುಟ್ಟಿಸಿ, "ವಸಿ ಉಪ್ಪೈತೆ ಕಣವ್ವ" ಅಂದರು. ನಿಜ, ಸಮುದ್ರದ ನೀರಿನ ಆರನೇ ಒಂದು ಭಾಗದಷ್ಟು ಉಪ್ಪು. ಟಾಹೋ ಕೆರೆಯಿಂದ ಹೊರಡುವ ಟ್ರಕೀ ನದಿ ಇಲ್ಲಿಗೆ ಬಂದು ಸೇರುತ್ತದೆ, ಇಲ್ಲಿಂದ ಮುಂದೆ ಎಲ್ಲಿಗೂ ಹೋಗುವುದಿಲ್ಲ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಹಾಗಾಗಿ ಕುಡಿಯುವ ನೀರು, ಅಡುಗೆ ನೀರು, ತೊಳೆಯುವ ನೀರು ಎಲ್ಲ ನೀವೇ ತರಬೇಕು. ನಾವು ಎರಡು ದಿನಕ್ಕೆ ಎಂಬತ್ತು ಲೀಟರ್ ಒಯ್ದಿದ್ದೆವು, ಹತ್ತು ಲೀಟರ್ ಉಳಿಯಿತು. ಏಪ್ರಿಲ್‌ನಲ್ಲಿ ನೀರು ಐಸಿನ ಹಾಗೆ ತಣ್ಣಗಿರುತ್ತದೆ. ದಡದಿಂದ ಸ್ವಲ್ಪ ದೂರದವರೆಗೆ ಮೊಣಕಾಲುದ್ದ ಇದ್ದು, ಒಮ್ಮೆಲೇ ಆಳಕ್ಕೆ ಇಳಿಯುವ ಜಾಗಗಳಿವೆ. ಕೆರೆಯ ಅತಿ ಆಳ ನೂರು ಮೀಟರಿಗೂ ಮೇಲೆ. ಮಗಳಿಗೆ ಲೈಫ್ ಜಾಕೆಟ್ ಇಲ್ಲದೆ ಪಾದ ಮುಳುಗಿಸಲೂ ಬಿಡಲಿಲ್ಲ. ಬೇಸಿಗೆ ಕೊನೆಯಲ್ಲಿ ಹೋಗುವವರು ಇನ್ನೊಂದು ನೋಡಿಕೊಳ್ಳಿ: ಆಗ ಕೆಲವು ಸಲ ನೀರಿನ ಮೇಲೆ ಹಸಿರು ಪಾಚಿಯಂಥ ಪದರ ಕಟ್ಟುತ್ತದೆ, ಅದರಲ್ಲಿ ವಿಷ ಇರಬಹುದು. ನಾಯಿಗಳಿಗಂತೂ ತುಂಬಾ ಅಪಾಯ.

ಮೀನು ಹಿಡಿಯುವವರನ್ನು ನೋಡುವುದೇ ಒಂದು ಸೊಗಸು. ನಸುಕಿನಲ್ಲಿ ಎದ್ದು ನೋಡಿದರೆ, ದಡದುದ್ದಕ್ಕೂ ನೀರಿನೊಳಗೆ ಏಣಿಗಳು ನಿಂತಿವೆ, ಮನೆಗೆ ಬಣ್ಣ ಬಳಿಯುವ ಏಣಿಗಳೇ, ಪ್ರತಿಯೊಂದರ ಮೇಲೂ ಒಬ್ಬೊಬ್ಬರು ಕೊಕ್ಕರೆಯ ಹಾಗೆ ಅಲ್ಲಾಡದೆ ನಿಂತು ಗಾಳ ಬೀಸುತ್ತಾರೆ. ತಣ್ಣೀರಿನಿಂದ ಮೈ ಮೇಲಿರಲಿ, ದಾರ ಆಳದವರೆಗೆ ಹೋಗಲಿ ಅಂತ. ಟ್ರೌಟ್ ಹಂಗಾಮು ಅಕ್ಟೋಬರ್ 1ರಿಂದ ಜೂನ್ 30ರವರೆಗೆ. ನಾವು ಸಸ್ಯಾಹಾರಿಗಳು, ಗಾಳ ಹಾಕಲಿಲ್ಲ. ಆದರೆ ಆ ಮೀನಿನ ಕಥೆ ಕೇಳಿದ ಮೇಲೆ ಅಪ್ಪ ಎರಡನೇ ದಿನವೆಲ್ಲ ಅದೇ ಮಾತಾಡಿದರು.

ಆ ಟ್ರೌಟ್‌ನ ಹೆಸರು ಲಹೋಂಟನ್ ಕಟ್‌ತ್ರೋಟ್, ದವಡೆಯ ಕೆಳಗೆ ಕುಯ್ದ ಗಾಯದಂಥ ಕೆಂಪು ಗೆರೆ ಇರುತ್ತದೆ. 1925ರಲ್ಲಿ ಇದೇ ಕೆರೆಯಲ್ಲಿ ಹಿಡಿದ ಒಂದು ಮೀನು 41 ಪೌಂಡ್, ಅಂದರೆ ಹದಿನೆಂಟೂವರೆ ಕಿಲೋ ತೂಗಿತ್ತು. ಆದರೆ ಅಷ್ಟರಲ್ಲೇ ಅದರ ಕಾಲ ಮುಗಿಯುತ್ತಾ ಬಂದಿತ್ತು. 1905ರಲ್ಲಿ ಟ್ರಕೀ ನದಿಗೆ ಡರ್ಬಿ ಡ್ಯಾಮ್ ಕಟ್ಟಿ, ನೀರನ್ನು ನಾಲೆಯಲ್ಲಿ ಫಾಲನ್ ಕಡೆಯ ಹೊಲಗಳಿಗೆ ತಿರುಗಿಸಿದರು. ಮೊಟ್ಟೆ ಇಡಲು ಮೀನು ನದಿ ಹತ್ತಲಾಗಲಿಲ್ಲ. ಕೆರೆಯ ಮಟ್ಟ ಕೊನೆಗೆ ಎಂಬತ್ತು ಅಡಿಯಷ್ಟು ಇಳಿಯಿತು. ಪಕ್ಕದಲ್ಲೇ ಇದ್ದ ವಿನ್ನಮಕ್ಕ ಅನ್ನುವ ಇನ್ನೊಂದು ಕೆರೆ ಪೂರ್ತಿ ಒಣಗಿಹೋಯಿತು. 1940ರ ದಶಕದ ಶುರುವಿಗೆ ಇಲ್ಲಿನ ಮೂಲ ಟ್ರೌಟ್ ಒಂದೂ ಉಳಿಯಲಿಲ್ಲ.

ಅಪ್ಪ ಕಾವೇರಿ ಸೀಮೆಯ ರೈತರು. ಕೆಆರ್‌ಎಸ್ ನೀರು, ವಿ.ಸಿ. ನಾಲೆ, ಭತ್ತ, ಕಬ್ಬು, ಇದರಲ್ಲೇ ನಮ್ಮನ್ನು ಓದಿಸಿದವರು. ನಮ್ಮ ಮನೆಯಲ್ಲಿ ಅಣೆಕಟ್ಟು ಅಂದರೆ ಅನ್ನ. ಡ್ಯಾಮ್ ತುಂಬಿದ ದಿನ ಅವ್ವ ಪಾಯಸ ಮಾಡುತ್ತಿದ್ದಳು. ನಾಲೆಯ ಕೆಳಗಿನ ತುದಿಯ ಜನ ಹೇಗಿರುತ್ತಾರೆ ಅಂತ ನಮಗೆ ಗೊತ್ತು, ನೀರೇ ತಿರುಗಿ ಹೋದ ಮೇಲೆ ನದಿಯ ಕೊನೆಯಲ್ಲಿ ಕೂತವರು ಹೇಗಿರುತ್ತಾರೆ ಅಂತ ನಾವು ಯಾವತ್ತೂ ಕೂತು ನೋಡಿರಲಿಲ್ಲ. ಅಪ್ಪ ಕೆರೆಯ ಆಚೆ ದಡದ ಬಂಡೆಗಳ ಮೇಲಿನ ಬಿಳಿ ಗೆರೆ ನೋಡುತ್ತಾ, ನೀರು ಅಲ್ಲೀವರೆಗೂ ಇತ್ತಾ ಅಂತ ಎರಡು ಮೂರು ಸಲ ಕೇಳಿದರು.

ಒಳ್ಳೆಯ ಸುದ್ದಿ ಏನೆಂದರೆ ಮೀನು ವಾಪಸ್ ಬಂದಿದೆ. ಯಾವುದೋ ಕಾಲದಲ್ಲಿ ಯಾರೋ ಈ ಟ್ರೌಟನ್ನು ದೂರದ ಪೈಲಟ್ ಪೀಕ್ ಅನ್ನುವ ಬೆಟ್ಟದ ಒಂದು ಸಣ್ಣ ಹಳ್ಳಕ್ಕೆ ತಂದು ಬಿಟ್ಟಿದ್ದರು, ನೆವಾಡಾ ಮತ್ತು ಯೂಟಾ ಗಡಿಯಲ್ಲಿ. 1970ರ ದಶಕದಲ್ಲಿ ಅವು ಅಲ್ಲಿ ಸಿಕ್ಕವು. ಆಮೇಲೆ ಜೀನ್ ಪರೀಕ್ಷೆ ಮಾಡಿ ಅದೇ ತಳಿ ಅಂತ ಖಾತ್ರಿ ಮಾಡಿಕೊಂಡು, ಸಾಕಿ, 2006ರಲ್ಲಿ ಈ ಕೆರೆಗೆ ಬಿಡಲು ಶುರು ಮಾಡಿದರು. ಈಗ ಇಪ್ಪತ್ತು ಪೌಂಡ್ ದಾಟಿದ ಮೀನುಗಳು ಸಿಗುತ್ತಿವೆ. ನೀರಿಗಾಗಿ ಪಾಯೂಟ್ ಜನ ದಶಕಗಟ್ಟಲೆ ಕೋರ್ಟುಗಳಲ್ಲಿ ಹೋರಾಡಿದ್ದಾರೆ. ಇನ್ನೊಂದು ಮೀನಿದೆ, ಕ್ವೀ-ವೀ ಅಂತ. ಪ್ರಪಂಚದಲ್ಲಿ ಈ ಕೆರೆ ಬಿಟ್ಟರೆ ಬೇರೆಲ್ಲೂ ಇಲ್ಲ, ನಲವತ್ತು ವರ್ಷದವರೆಗೂ ಬದುಕುತ್ತದೆ. ಇಲ್ಲಿಯ ಪಾಯೂಟರು ತಮ್ಮನ್ನು ತಾವು ಕ್ವೀ-ವೀ ತಿನ್ನುವವರು ಅಂತಲೇ ಕರೆದುಕೊಳ್ಳುತ್ತಾರೆ. ಮೀನಿನಿಂದಲೇ ಹೆಸರು ಪಡೆದ ಜನಕ್ಕೆ ಆ ಒಣಗಿದ ವರ್ಷಗಳು ಹೇಗಿದ್ದವೋ.

ಮಗಳಿಗೆ ಬೇಕಿದ್ದದ್ದು ಪಿರಮಿಡ್ ಬಂಡೆಯನ್ನು ಹತ್ತಿರದಿಂದ ಮುಟ್ಟಿ ನೋಡುವುದು. ಅದು ಪೂರ್ವ ದಡದಲ್ಲಿದೆ, ಪಕ್ಕದಲ್ಲಿ ಕಲ್ಲಿನ ತಾಯಿ. ಮಕ್ಕಳು ಜಗಳವಾಡಿಕೊಂಡು ದೂರವಾದಾಗ ಒಬ್ಬ ತಾಯಿ ಅತ್ತೂ ಅತ್ತೂ ಅವಳ ಕಣ್ಣೀರೇ ಕೆರೆಯಾಯಿತು, ಅವಳು ಬುಟ್ಟಿಯ ಪಕ್ಕದಲ್ಲಿ ಕೂತಲ್ಲೇ ಕಲ್ಲಾದಳು ಅಂತ ಇಲ್ಲಿನ ಕಥೆ. ಹಿಂದೆ ಜನ ಹೋಗಿ ಹಾಳು ಮಾಡಿದ್ದಾರೆ, ಈಗ ಆ ಜಾಗ ಮುಚ್ಚಿದೆ. ಉತ್ತರ ತುದಿಯ ನೀಡಲ್ಸ್ ಬಂಡೆಗಳೂ ಅಷ್ಟೇ, ಹೊರಗಿನವರಿಗೆ ಪ್ರವೇಶ ಇಲ್ಲ. ಅವಳಿಗೆ ಬೇಜಾರಾಯಿತು. ನಮ್ಮೂರ ಮಾರಮ್ಮನ ಗುಡಿಯ ಗರ್ಭಗುಡಿಗೆ ಯಾರೋ ಪೇಂಟ್ ಡಬ್ಬಿ ಹಿಡಿದುಕೊಂಡು ನುಗ್ಗಿದರೆ ತಾತ ಏನು ಮಾಡುತ್ತಾರೆ ಅಂತ ಕೇಳಿದೆ. ಆಮೇಲೆ ಕೇಳಲಿಲ್ಲ, ಬೈನಾಕ್ಯುಲರ್‌ನಲ್ಲಿ ನೋಡಿ ಚಿತ್ರ ಬರೆದಳು. ದಯವಿಟ್ಟು ಈ ನಿಯಮ ಮುರಿಯಬೇಡಿ. ದಡದಲ್ಲಿ ಸಿಗುವ ಸ್ಪಂಜಿನಂಥ ಬಿಳಿ ಟೂಫಾ ಕಲ್ಲನ್ನೂ ಮನೆಗೆ ತರಬೇಡಿ, ತೆಗೆಯುವಂತಿಲ್ಲ. ನೆಲದಡಿಯ ಬುಗ್ಗೆಗಳ ಸುಣ್ಣದ ನೀರು ಕೆರೆಯ ನೀರಿಗೆ ಸೇರಿ ಸಾವಿರಾರು ವರ್ಷಗಳಲ್ಲಿ ಕಟ್ಟಿದ ಕಲ್ಲು ಅದು.

ಹಕ್ಕಿಗಳನ್ನು ನೋಡಲು ಮಾತ್ರ ಎಲ್ಲೂ ಹೋಗಬೇಕಾಗಿಲ್ಲ. ಕೆರೆಯ ಮಧ್ಯೆ ಅನಾಹೋ ದ್ವೀಪ ಇದೆ, 1913ರಿಂದ ಪಕ್ಷಿಧಾಮ, ಅಲ್ಲಿಗೆ ಯಾರೂ ಇಳಿಯುವಂತಿಲ್ಲ. ಸಾವಿರಾರು ಬಿಳಿ ಹೆಜ್ಜಾರ್ಲೆಗಳು ಅಲ್ಲಿ ಗೂಡು ಕಟ್ಟುತ್ತವೆ. ಭಾನುವಾರ ಬೆಳಿಗ್ಗೆ ಕಾಫಿ ಹಿಡಿದು ಕೂತಿದ್ದಾಗ ಮೂವತ್ತು ನಲವತ್ತು ಹಕ್ಕಿಗಳ ಒಂದು ಸಾಲು ರೆಕ್ಕೆ ಬಡಿಯದೆ ನಮ್ಮ ತಲೆ ಮೇಲೆ ತೇಲಿಹೋಯಿತು. ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆ ನೋಡಿ ಬೆಳೆದ ಅಪ್ಪ ನೋಡಿದ ತಕ್ಷಣ ಗುರುತು ಹಿಡಿದರು. ಇವು ಅದಕ್ಕಿಂತ ಬೆಳ್ಳಗಿವೆ, ದೊಡ್ಡವು ಅಂತ ಅವರ ತೀರ್ಮಾನ.

ರಾತ್ರಿ ನಕ್ಷತ್ರ ತುಂಬಾ ಚೆನ್ನಾಗಿ ಕಾಣುತ್ತವೆ, ನೈಋತ್ಯ ದಿಕ್ಕಿನಲ್ಲಿ ಮಾತ್ರ ರೀನೋದ ಬೆಳಕು ಮೇಲೆದ್ದಿರುತ್ತದೆ. ಫೋನ್ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ಅಡುಗೆಗೆ ಗ್ಯಾಸ್ ಒಲೆಯೇ ಸರಿ, ಆ ಗಾಳಿಯಲ್ಲಿ ಬೆಂಕಿ ಹಾಕುವ ಧೈರ್ಯ ನಮಗಾಗಲಿಲ್ಲ. ಚಿತ್ರಾನ್ನ, ಮೊಸರನ್ನ ಮನೆಯಿಂದಲೇ ಮಾಡಿಕೊಂಡು ಹೋದರೆ ಪಾತ್ರೆ ತೊಳೆಯುವ ನೀರು ಉಳಿಯುತ್ತದೆ.

ಅರ್ಧ ಅಂಕ ಕಳೆದದ್ದು ಕಸಕ್ಕೆ. ನಮಗಿಂತ ಮುಂಚೆ ಉಳಿದವರು ಮರಳಿನಲ್ಲಿ ಮರದ ಹಲಗೆ ಸುಟ್ಟು ಹೋಗಿದ್ದರು, ಬೂದಿಯ ಕೆಳಗೆ ಮೊಳೆಗಳು ಹಾಗೇ ಇದ್ದವು, ಬಾಟಲಿ ಚೂರುಗಳೂ ಇದ್ದವು. ಒಂದು ಮೊಳೆ ಮಗಳ ಚಪ್ಪಲಿಯ ಮೂಲಕ ಹೊಕ್ಕಿತು, ಪುಣ್ಯಕ್ಕೆ ಪಾದಕ್ಕೆ ತಾಗಲಿಲ್ಲ. ಇದನ್ನು ಮಾಡಿದ್ದು ಬುಡಕಟ್ಟಿನವರಲ್ಲ, ನಮ್ಮಂತೆ ಹೊರಗಿನಿಂದ ಬಂದವರು. ರಜೆಯ ವಾರಾಂತ್ಯಗಳಲ್ಲಿ, ಆಗಸ್ಟ್ ಕೊನೆಯಲ್ಲಿ ಉತ್ತರದ ಮರುಭೂಮಿಯಲ್ಲಿ ನಡೆಯುವ ಬರ್ನಿಂಗ್ ಮ್ಯಾನ್ ಉತ್ಸವದ ಸಮಯದಲ್ಲಿ ಜನ ಇನ್ನೂ ಜಾಸ್ತಿ. ಆಗ ಹೋಗಲೇಬೇಡಿ. ನಾವು ಎರಡು ಚೀಲ ಕಸ ಹೆಚ್ಚಿಗೆ ಹೊತ್ತು ತಂದೆವು.

ವಾಪಸ್ ಬರುವಾಗ ಅದೇ ರಸ್ತೆಯಲ್ಲಿ ಬರಬೇಡಿ. ದಡದ ಪಕ್ಕದ ರಸ್ತೆ ಹಿಡಿದು ದಕ್ಷಿಣಕ್ಕೆ ನಿಕ್ಸನ್‌ಗೆ ಬನ್ನಿ, ಅಲ್ಲಿ ಪಾಯೂಟ್ ಬುಡಕಟ್ಟಿನ ಮ್ಯೂಸಿಯಂ ಇದೆ, ತೆರೆದಿರುತ್ತದೋ ಅಂತ ಮೊದಲೇ ಫೋನ್ ಮಾಡಿ. ಅಲ್ಲಿಂದ ವಾಡ್ಸ್‌ವರ್ತ್ ಮೇಲೆ ಐ-80 ಸೇರಬಹುದು. ನಿಕ್ಸನ್ ಹತ್ತಿರ ಟ್ರಕೀ ನದಿ ಕಂಡಾಗ ಅಪ್ಪ ಗಾಡಿ ನಿಲ್ಲಿಸಲು ಹೇಳಿದರು. ಇಷ್ಟು ದೊಡ್ಡ ಕೆರೆಗೆ ಇಷ್ಟೇ ಸಣ್ಣ ನದಿ. ಇಳಿದು ಹೋಗಿ ದಡದಲ್ಲಿ ನಿಂತು, ಹರಿವು ಎಷ್ಟಿದೆ ಅಂತ ಒಂದು ಕಡ್ಡಿ ಎಸೆದು ನೋಡಿದರು, ನಾಲೆಯಲ್ಲಿ ನೋಡುತ್ತಿದ್ದ ಹಾಗೆಯೇ.

ಅಕ್ಟೋಬರ್‌ಗೆ ನಾವು ಮತ್ತೆ ಹೋಗುತ್ತಿದ್ದೇವೆ, ಈ ಸಲ ನಮ್ಮದೇ ಗಿಡ್ಡ ಟೆಂಟು. ಅಪ್ಪ ಊರಿಗೆ ವಾಪಸ್ ಹೋಗಿದ್ದಾರೆ. ಭಾನುವಾರ ಫೋನ್ ಮಾಡಿದಾಗ ಕಟ್ಟೆಯಲ್ಲಿ ಎಷ್ಟು ಅಡಿ ನೀರಿದೆ ಅಂತ ಅವರು ಹೇಳುತ್ತಾರೆ, ಪಿರಮಿಡ್ ಕೆರೆಯಲ್ಲಿ ಎಷ್ಟಿದೆ ಅಂತ ನಾನು ಅಮೆರಿಕದ ಭೂವಿಜ್ಞಾನ ಇಲಾಖೆ ಯುಎಸ್‌ಜಿಎಸ್‌ನ ಸೈಟ್ ನೋಡಿ ಹೇಳಬೇಕು.